ಮೂಲೆಯಲ್ಲಿ ಕೂತವಳು

ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಕೂತು ಕೇಳುವ ಯೋಗ ನಮ್ಮ ಯಜಮಾನರ ಹಣೆಯಲ್ಲಿ ಬರೆದಿರಲಿಲ್ಲ. ಅರ್ಧಕ್ಕೇ ಎದ್ದು ಸ್ಪೀಕರನ್ನು ಬೆರಳಿನಷ್ಟು ತಿರುಗಿಸಬೇಕು, ವೈರನ್ನು ನೆಲದಿಂದೆತ್ತಿ ಮರದ ತುಂಡಿನ ಮೇಲಿಡಬೇಕು, ಆಂಪ್ಲಿಫೈಯರಿನ ಕೆಳಗೆ ಅರ್ಧ ಕೊಯ್ದ ರಬ್ಬರ್ ಚೆಂಡು ತುರುಕಬೇಕು. ಅದುರುವುದು ನಿಲ್ಲುತ್ತದಂತೆ. ಮತ್ತೆ ಕೂತು, ಮತ್ತೆ ಏಳುವುದು. ನೋಡಿದವರಿಗೇ ತಲೆ ತಿರುಗಬೇಕು.

ಹೊಸ ಆಂಪ್ಲಿಫೈಯರ್ ಬಂದ ಮೇಲಂತೂ ಕೇಳಲೇಬೇಡಿ. ಭಾನುವಾರ ತಪ್ಪದೆ ಬರುವವರು ಇಬ್ಬರು: ಇವರ ಸೋದರಮಾವ, ಮತ್ತೆ ಪಕ್ಕದ ಬೀದಿಯ ಹಲ್ಲಿನ ಡಾಕ್ಟರು. ಮಾವನಿಗೆ ವಾಲ್ವ್ ಸೆಟ್ಟೇ ದೇವರು. ಗಾಜಿನ ಬುರುಡೆ ಬಿಸಿಯಾಗದೆ ದನಿಗೆ ಜೀವ ಬರದು ಎನ್ನುತ್ತಾರೆ. ಡಾಕ್ಟರಿಗೆ ದನಿ ತಿದ್ದುವ ಪ್ರೀ ಬೇರೆ, ದನಿ ಏರಿಸುವ ಪವರ್ ಬೇರೆ ಇರಬೇಕು. ಎರಡನ್ನೂ ಒಂದೇ ಡಬ್ಬದಲ್ಲಿ ಹಾಕುವುದೆಂದರೆ ಅತ್ತೆ ಸೊಸೆಯರನ್ನು ಒಂದೇ ಅಡುಗೆಮನೆಗೆ ಬಿಟ್ಟ ಹಾಗೆ. ಇವರದು, ಒಂದೇ ಡಬ್ಬವಾದರೆ ವೈರು ಕಡಿಮೆ, ದನಿ ಶುದ್ಧ ಎಂಬ ಹಟ. ಮೂವರೂ ಒಪ್ಪಿದ್ದು ಒಂದೇ ಮಾತನ್ನು: ಈ ಕೋಣೆಯಲ್ಲಿ ಬಾಸ್, ಅಂದರೆ ಹಾಡಿನ ತಗ್ಗು ದನಿ, ಗುಂಯ್ ಎನ್ನುತ್ತದೆ. ನಾನು ಕೆಲಸ ಮಾಡುವುದು ಪರದೆ ಹೊಲಿಯುವ ಅಂಗಡಿಯಲ್ಲಿ. ದಪ್ಪ ಬಟ್ಟೆಯ ಪರದೆ ಹೊಲಿದು ಕೊಟ್ಟೆ. ಗುಂಯ್ ಅನ್ನುವುದು ಜಗ್ಗಲಿಲ್ಲ.

ಹಾಡು ನಡೆಯುವಾಗ ನನಗೆ ಆ ಕೋಣೆಗೆ ಪ್ರವೇಶವೇ ಇರಲಿಲ್ಲ. ನನ್ನ ಬಳೆ ಸದ್ದಾದರೂ ಮುಖ ಕಿವುಚುವ ಮನುಷ್ಯ. ಅಂಥವರು ಒಂದು ಸಂಜೆ ಬಾಗಿಲಿಗೆ ಬಂದು, ನೀನೂ ಬಾ, ಆ ಮೂಲೆಯಲ್ಲಿ ಕೂತುಕೋ ಎಂದರು. ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ್ದ ಎಂದುಕೊಂಡು ಹೋಗಿ ಕೂತೆ. ಇನ್ನು ಸ್ವಲ್ಪ ಹಿಂದಕ್ಕೆ ಎಂದರು, ಸರಿದೆ. ಬೆನ್ನಿಗೆ ದಿಂಬು ತಂದು ಕೊಟ್ಟರು. ನಾನು ಎದ್ದರೆ, ಯಾಕೆ ಎದ್ದೆ ಎಂದು ಕೇಳಿದರು. ಇಷ್ಟು ಸಾಲದೇ ನನಗೆ? ದಿನವೂ ಅಂಗಡಿಯಿಂದ ಓಡಿಬಂದು, ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು ಕೂರತೊಡಗಿದೆ. ತಂಗಿಗೆ ಹೇಳಿದರೆ, ಈ ವಯಸ್ಸಲ್ಲಿ ಏನಕ್ಕಾ ಹೊಸ ಮದುವಣಗಿತ್ತಿ ಥರ ಎಂದು ರೇಗಿಸಿದಳು. ರೇಗಿಸಲಿ ಬಿಡು ಎಂದುಕೊಂಡೆ.

ಮುಂದಿನ ಭಾನುವಾರ ನಾನು ಚಹಾ ತರುವಾಗ ಡಾಕ್ಟರು, ಬಾಸ್ ಹಿಡಿತಕ್ಕೆ ಬಂತು ಅಂದಿರಲ್ಲ, ಹೇಗೆ ಎಂದು ಇವರನ್ನು ಕೇಳುತ್ತಿದ್ದರು. ಅವರು ಬರುವ ಮುಂಚೆ ಅದೇ ಮೂಲೆಯಲ್ಲಿ ಕೂತಿದ್ದು ಎದ್ದುಬಂದಿದ್ದೆ.

"ಇನ್ನೂ ಪೂರ್ತಿ ಬಂದಿಲ್ಲ. ಸದ್ಯಕ್ಕೆ ಇವಳನ್ನ ಆ ಮೂಲೇಲಿ ಕೂರಿಸ್ತೀನಿ. ಮೆತ್ತಗಿರೋದು ಏನಾದ್ರೂ ಮೂಲೇಲಿದ್ರೆ ಗುಂಯ್ ಅನ್ನೋದನ್ನ ಹೀರ್ಕೊಳ್ಳುತ್ತೆ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಲೋಟಗಳನ್ನು ಇಟ್ಟು ಬಂದೆ.

ಮಾರನೆಯ ಸಂಜೆ ಅಟ್ಟದ ಮೇಲಿನ ಹಳೆಯ ಹತ್ತಿಯ ಹಾಸಿಗೆ ಇಳಿಸಿ, ಸುತ್ತಿ, ಹಗ್ಗ ಬಿಗಿದು ಆ ಮೂಲೆಯಲ್ಲಿ ನಿಲ್ಲಿಸಿದೆ. ಹೋಗಿ ಅಡುಗೆಮನೆಯಲ್ಲಿ ಕೂತೆ. ಬಂದು ಕರೆಯಲಿ ನೋಡೋಣ ಎಂಬ ಹಟ. ಹಟ ಎಲ್ಲಿ ಬಂತು, ಆಸೆ. ಹಾಸಿಗೆಯೇ ಸಾಕಾದರೆ ನಾನು ಇವರಿಗೆ ಯಾವ ಲೆಕ್ಕ?

ಹಾಡು ಶುರುವಾಯಿತು. ಈಗ ನಿಲ್ಲುತ್ತದೆ, ಈಗ ಏಳುತ್ತಾರೆ ಎಂದು ಕಿವಿ ನೆಟ್ಟು ಕೂತೆ. ನಿಲ್ಲಲಿಲ್ಲ. ಪೂರ್ತಿ ಮುಗಿದು ಇನ್ನೊಂದು ಬಂತು, ಅದೂ ಮುಗಿಯಿತು. ಒಮ್ಮೆಯೂ ಕುರ್ಚಿ ಸರಿದ ಸದ್ದಿಲ್ಲ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮೂರನೆಯ ಹಾಡಿಗೆ ಇವರೇ ಬಂದರು. ಮುಖ ಅರಳಿತ್ತು.

"ಹಾಸಿಗೆ ಇಟ್ಟಿದ್ದು ನೀನಾ? ಎಂಥಾ ತಲೆ ಕಣೇ ನಿಂದು. ಇನ್ಮೇಲೆ ನೀನು ಬಂದು ಕೂರ್ಬೇಕಾಗಿಲ್ಲ. ದುಡಿದು ಸುಸ್ತಾಗಿ ಬರೋಳನ್ನ ಇಷ್ಟು ದಿನ ಸುಮ್ನೆ ಕಟ್ಟಿಹಾಕ್ದೆ, ಪಾಪ."

ಆ ಪಾಪ ಎಂಬ ಮಾತಿನಲ್ಲಿ ನಿಜವಾದ ಕನಿಕರವಿತ್ತು. ಅದಕ್ಕೇ ತಡೆಯಲಾಗಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಬೈದು ಮುಗಿಸುತ್ತಿದ್ದೆ.

"ಕಷ್ಟ ಅಂತ ನಾನು ಯಾವಾಗ ಹೇಳ್ದೆ?" ಎಂದೆ. "ಒಂದು ಹಾಡೂ ನೆನಪಿಲ್ಲ ನನಗೆ. ನೀವು ಕಣ್ಣು ಮುಚ್ಕೊಂಡು ಕೂತಿರ್ತಿದ್ರಿ. ನಾನು ನಿಮ್ಮ ಮುಖ ನೋಡ್ತಾ ಇರ್ತಿದ್ದೆ. ಅಷ್ಟು ಹೊತ್ತು ನೀವು ನನ್ನನ್ನ ಜೊತೆಗೆ ಕೂರಿಸ್ಕೊಂಡಿದ್ದು ಅದೇ ಮೊದಲು ಕಣ್ರೀ."

ಇವರ ಮುಖದ ಗೆಲುವು ಇಳಿದುಹೋಯಿತು. ಕೋಣೆಯಲ್ಲಿ ಆ ಹಾಡು ಮುಗಿದು ಮತ್ತೊಂದು ಶುರುವಾಯಿತು, ಗುಂಯ್ ಎನ್ನದೆ. ಇವರು ಒಳಗೆ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತರು, ಕಣ್ಣು ತೆರೆದುಕೊಂಡು.