ಹಂಡನ ಹಗ್ಗ

ಟಗರು ಗುದ್ದಿ ಉಗ್ರಪ್ಪನ ಮೊಣಕಾಲು ಮುರಿದ ಮೇಲೆ ಮತ್ತೋಡು ಊರಲ್ಲಿದ್ದ ಅವನ ಕುರಿಹಿಂಡು ತಮ್ಮನ ಪಾಲಾಯಿತು. ಉಗ್ರಪ್ಪನಿಗೆ ಹೊಳಲ್ಕೆರೆಯ ಮಂಡಿಯೊಂದರಲ್ಲಿ ಕಾವಲು ಕೆಲಸ ಸಿಕ್ಕಿತು. ಹೆಂಡತಿ ತಿಪ್ಪಮ್ಮ ಪೇಟೆಯ ಬಾಡಿಗೆ ಮನೆಯಲ್ಲಿ ಒಲೆ ಹೂಡಿದಳು. ಎಪ್ಪತ್ತನಾಲ್ಕನೇ ಇಸವಿಯ ಮಾತು. ಹಿಂಡಿನ ನಾಯಿ ಹಂಡನನ್ನು ಊರಲ್ಲೇ ಬಿಟ್ಟು ಬಂದಿದ್ದರು. ಅದು ಮುದ್ದೆ ಮುಟ್ಟದೆ ಬಾಗಿಲಲ್ಲೇ ಬಿದ್ದುಕೊಂಡಿತು. ವಾರ ಕಾದ ತಮ್ಮ ಅದನ್ನು ತಂದು ಅಣ್ಣನ ಮನೆಗೇ ಬಿಟ್ಟುಹೋದ.

ಅದೇ ತಿಂಗಳು ಪೇಟೆಯಲ್ಲಿ ತಮಟೆ ಹೊಡೆದು ಸಾರಿದರು: ಹಗ್ಗವಿಲ್ಲದೆ ಬೀದಿಗೆ ಬಂದ ನಾಯಿಯನ್ನು ಹಿಡಿದುಕೊಂಡು ಹೋಗುತ್ತಾರೆ.

ಹಂಡನ ಕೊರಳು ಹಗ್ಗವನ್ನೇ ಕಂಡದ್ದಲ್ಲ. ಮೊದಲ ದಿನವೇ ಅದು ಉಗ್ರಪ್ಪನನ್ನು ಬೀದಿ ತುದಿಯವರೆಗೆ ಎಳೆದೊಯ್ದು ಚರಂಡಿ ಪಕ್ಕ ಕೆಡವಿತು.

"ವಾಪಸ್ ಕಳಿಸಿಬಿಡಾಣ. ಇದು ಪ್ಯಾಟೆಗೆ ಆಗೋ ನಾಯಲ್ಲ," ಎಂದ ಅವನು, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ.

"ನಾವೇನು ಪ್ಯಾಟೆಗೆ ಆಗೋರಾ?" ಎಂದಳು ತಿಪ್ಪಮ್ಮ. "ತಾ ಇಲ್ಲಿ. ನೀನು ಜಗ್ಗಿದಷ್ಟೂ ಅದೂ ಜಗ್ತೈತೆ."

ಕಂಬಳಿ ನೂಲಿನಲ್ಲಿ ಮೆತ್ತನೆಯ ಹಗ್ಗ ಹೊಸೆದು, ಮಡಿಲಲ್ಲಿ ರೊಟ್ಟಿ ಚೂರು ಕಟ್ಟಿಕೊಂಡು ಮರುದಿನ ಬೆಳಗ್ಗೆ ಹೊರಟಳು. ಹೊಸ್ತಿಲು ದಾಟಿದ್ದೇ ಹಂಡ ಮುನ್ನುಗ್ಗಿತು. ಅವಳು ಸುಮ್ಮನೆ ನಿಂತುಬಿಟ್ಟಳು. ಬೈಯಲಿಲ್ಲ. ಜಗ್ಗಿ ಜಗ್ಗಿ ಸಾಕಾದ ನಾಯಿ, ಇವಳೇಕೆ ನಿಂತಳೆಂದು ಹಿಂತಿರುಗಿ ನೋಡಿತು. ಹಗ್ಗ ಸಡಿಲವಾಯಿತು. ಆಗ ಅವಳು ಒಂದು ಚೂರು ರೊಟ್ಟಿಯನ್ನು ತನ್ನ ಮಗ್ಗುಲಲ್ಲೇ ಹಿಡಿದು ತಿನ್ನಿಸಿ ಹೆಜ್ಜೆ ಇಟ್ಟಳು. ಮತ್ತೆ ಹಗ್ಗ ಬಿಗಿಯಾಯಿತು, ಮತ್ತೆ ನಿಂತಳು. ಬೀದಿ ನಲ್ಲಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು.

"ಏನೇ ತಿಪ್ಪಮ್ಮ, ನಾಯಿನ ನೀನು ಮೇಯಿಸ್ತೀಯೋ, ಅದೇ ನಿನ್ನ ಮೇಯಿಸ್ತೈತೋ?" ಎಂದು ನೆರೆಮನೆಯ ಮಲ್ಲಕ್ಕ ಕೊಡ ಇಳಿಸಿ ನಕ್ಕಳು.

"ಇಬ್ರೂ ಕಲೀತಾ ಇದೀವಿ ಕಣಕ್ಕ."

ಹಾಗೆ ದಿನವೂ ನಿಂತು ನಿಂತು ತಿಪ್ಪಮ್ಮನಿಗೆ ಒಂದು ಹೊಳೆಯಿತು. ಇದು ಹಟದ ನಾಯಿಯಲ್ಲ. ಹಿಂಡಿಗಿಂತ ಮುಂದೆ ಓಡಿ ದಾರಿ ನೋಡುವುದೇ ಅದರ ಕೆಲಸವಾಗಿತ್ತು. ಈಗ ಹಿಂಡಿಲ್ಲವೆಂದು ಅದಕ್ಕೆ ಹೇಳಿದವರಾರು? ತಾನಾದರೂ ಬೆಳಗ್ಗೆ ಎದ್ದೊಡನೆ ಮರಿಗಳ ಕೂಗಿಗೆ ಕಿವಿಗೊಡುತ್ತಿರಲಿಲ್ಲವೇ?

ಮೂರು ವಾರ ಕಳೆದಿರಬೇಕು. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಯಾರದೋ ಕುರಿಹಿಂಡು ಧೂಳೆಬ್ಬಿಸಿಕೊಂಡು ಎದುರಾಯಿತು. ಹಂಡನ ಮೈಯೆಲ್ಲ ನಡುಗಿತು, ಹಗ್ಗ ಬಿಗಿಯಾಯಿತು. ತಿಪ್ಪಮ್ಮ ನಿಂತಳು. ಕೈಯಲ್ಲಿ ರೊಟ್ಟಿಯೂ ಉಳಿದಿರಲಿಲ್ಲ. ಕೊನೆಯ ಮರಿ ತಿರುವು ದಾಟಿ ಮರೆಯಾಗುವವರೆಗೂ ನೋಡುತ್ತಿದ್ದ ಹಂಡ, ನಿಧಾನಕ್ಕೆ ಹಿಂದೆ ಬಂದು ಅವಳ ಕಾಲ ಬಳಿ ನಿಂತಿತು. ಅದು ಕುರಿಗಳನ್ನು ಮರೆತು ಬಂದದ್ದಲ್ಲ, ನೆನಪಿದ್ದೂ ಬಂದದ್ದು.

ನಡೆದದ್ದನ್ನು ಗಂಡನಿಗೆ ಹೇಳಿದಳು. ಮರುದಿನ ಕೆಲಸಕ್ಕೆ ಹೊರಟಾಗ ಅವನು ತಾನೇ ಹಗ್ಗಕ್ಕೆ ಕೈ ಚಾಚಿದ. ಕುಂಟು ನಡಿಗೆಗೆ ಹೊಂದದೆ ಹಂಡ ಎರಡು ಸಲ ಮುಂದಾಯಿತು. ಎರಡು ಸಲವೂ ಅವನು ಜಗ್ಗದೆ ನಿಂತ. ಮೂರನೆಯ ಸಲಕ್ಕೆ ನಾಯಿ ಹೆಜ್ಜೆ ಸಣ್ಣದು ಮಾಡಿಕೊಂಡಿತು.

ಬೀದಿಯ ತಿರುವಿನಿಂದ ಉಗ್ರಪ್ಪ ಕೂಗಿ ಹೇಳಿದ: "ಮದ್ಯಾನ ಬುತ್ತಿ ತರ್ವಾಗ ಇದಕ್ಕೂ ಒಂದ್ ಮುದ್ದೆ ಹಾಕ್ಕಂಡ್ ಬಾರೇ!"