ಮಾವನ ಡಬ್ಬಿ, ಸೊಸೆಯ ಡಬ್ಬಿ

ಹೊಟ್ಟೆ ಮೇಲೆ ಹೋಯಿತು, ವಿಮಾನ ಕೆಳಗೆ ಬಂತು, ಇಲ್ಲ, ಮೊದಲು ವಿಮಾನ ಆಮೇಲೆ ಹೊಟ್ಟೆ, ಯಾವುದಾದರೇನು, ಎರಡೂ ತಮ್ಮ ತಮ್ಮ ಜಾಗಕ್ಕೆ ವಾಪಸು ಬಂದರೆ ಸಾಕು ಅಂದುಕೊಂಡಳು ಅವಳು, ಕಣ್ಣು ಮಾತ್ರ ಪರದೆ ಬಿಡಲಿಲ್ಲ — ಪರದೆಯಲ್ಲಿ ಎರಡು ಗೆರೆ, ಕೆಂಪು ಮಾವ ಆ ಕಾಲದಲ್ಲಿ ಕಟ್ಟಿದ ಅಳತೆಯ ಡಬ್ಬಿಯದು, ನೀಲಿ ಅವಳು ಕಟ್ಟಿದ್ದರದು, ಎರಡೂ ಅಳೆಯುತ್ತಿರುವುದು ಗಾಳಿಯಲ್ಲಿರುವ ನೈಟ್ರೋಜನ್ ಡೈಆಕ್ಸೈಡನ್ನೇ, ಹೆದ್ದಾರಿಯ ಹೊಗೆಯ ಮೇಲೆ ಹಾರಿದಷ್ಟು ಹೊತ್ತೂ ಎರಡೂ ಹೆಗಲ ಮೇಲೆ ಕೈ ಹಾಕಿಕೊಂಡೇ ಹೊರಟಿದ್ದವು, ಹಿಂದಿನ ಸೀಟಿನಿಂದ ಮಾವ ಕೆಮ್ಮಿದ್ದರು, ಆ ಕೆಮ್ಮಿನ ಅರ್ಥ ಅವಳಿಗೆ ಗೊತ್ತು, ನೋಡಿದೆಯಾ, ನನ್ನದೂ ಸರಿಯಾಗೇ ಇದೆ. ನಿವೃತ್ತರಾಗಿ ಮನೆಯಲ್ಲಿ ಕೂತವರು, ಕೂತದ್ದೆಲ್ಲಿ, ನಿಮ್ಮ ಡಬ್ಬಿ ತುಂಬ ಎತ್ತರಕ್ಕೆ ಹೋದರೆ ತಪ್ಪು ತೋರಿಸುತ್ತೆ ಅಂತ ಸೊಸೆ ಊಟದ ಮೇಜಿನಲ್ಲಿ ಬಾಯಿ ಜಾರಿ ಅಂದ ದಿನದಿಂದ ಹಜಾರದ ತುಂಬ ಶತಪಥ, ಅನ್ನೋದಾದರೆ ನನ್ನೆದುರಿಗೇ ಅಳೆದು ಅನ್ನಲಿ, ನಾನೂ ವಿಮಾನದಲ್ಲಿ ಬರ್ತೀನಿ ಅಂತ ಮಾವ, ಅತ್ತೆ ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದರು, ನನ್ನನ್ನ ಬೇಕಾದರೆ ಬೈದುಕೋ ತಾಯಿ, ಆ ಡಬ್ಬಿಗೆ ಮಾತ್ರ ಏನೂ ಅನ್ನಬೇಡ, ಮದುವೆಯಾದ ಹೊಸದರಲ್ಲಿ ಅದು ನಮ್ಮ ಮಂಚದ ಕೆಳಗೇ ಇತ್ತು — ಗಂಡ, ಎರಡೂ ಕಡೆಗೆ ಬೇಕಾದವನು, ತಟ್ಟೆ ನೋಡುತ್ತಲೇ ಇಬ್ಬರದೂ ಸರಾಸರಿ ತಗೊಳ್ಳಿ ಅಂದಿದ್ದ, ಅಪ್ಪನೂ ಹೆಂಡತಿಯೂ ಅವತ್ತು ಒಪ್ಪಿದ್ದು ಒಂದೇ ವಿಷಯ, ಇವನಿಗೆ ಏನೂ ಗೊತ್ತಾಗಲ್ಲ ಅಂತ.

ಈಗ ಪೈಲಟ್ ವಿಮಾನದ ಮೂಗು ಮೇಲೆತ್ತಿದ, ಹತ್ತೋಣ್ವಾ ಮೇಡಂ, ಹತ್ತಿ ಹತ್ತಿ, ಇಷ್ಟು ಹೊತ್ತು ಹಾರಿದ್ದೇ ಇದಕ್ಕೆ, ಕಿಟಕಿಯ ಅಂಚಿಗೆ ಮಂಜು ಕಟ್ಟುವ ಎತ್ತರ, ಇಲ್ಲಿ ಆ ಅನಿಲ ಹೆಚ್ಚೂಕಡಿಮೆ ಇರಲೇಬಾರದು, ಇರೋದು ಅದರ ದಾಯಾದಿಗಳು, ಚಳಿಗೆ ಮುದುಡಿ ಗಟ್ಟಿಯಾಗಿ ಕೂತ ಬೇರೆ ಅಣುಗಳು, ಮಾವನ ಡಬ್ಬಿಗೆ ಹೊರಗಿನ ಗಾಳಿ ಎಳೆಯುವ ಉದ್ದನೆಯ ಬೆಚ್ಚನೆಯ ಕೊಳವೆಯೊಳಗೆ ಬಂದಕೂಡಲೇ ಮೈ ಸಡಿಲಿಸಿ ಒಡೆದು ಅದೇ ಅನಿಲವಾಗಿಬಿಡುತ್ತವೆ, ಡಬ್ಬಿ ಪಾಪ ನಂಬುತ್ತೆ, ಬಾಗಿಲಿಗೆ ಬಂದವರನ್ನೆಲ್ಲ ನೆಂಟರೇ ಅಂದುಕೊಳ್ಳುವ ಅತ್ತೆಯ ಹಾಗೆ, ಅವಳ ಡಬ್ಬಿಯ ಕೊಳವೆಯೋ ಗೇಣುದ್ದ, ಹೊರಗಿನಷ್ಟೇ ತಣ್ಣಗೆ, ಅಣುಗಳಿಗೆ ಒಡೆಯೋಕೆ ಪುರುಸೊತ್ತೇ ಇಲ್ಲ, ಹಾಗಂತ ಎಲ್ಲರೆದುರು ಕೊಚ್ಚಿಕೊಂಡದ್ದಾಗಿದೆ, ಈಗ ನೀಲಿಯೂ ಮೇಲೇ ನಿಂತರೆ ಮಾವ ಬದುಕಿರುವ ತನಕ ಕೆಮ್ಮುತ್ತಾರೆ — ಇಲ್ಲ, ನೀಲಿ ಇಳಿಯಿತು, ಇಳಿದು ತಳದಲ್ಲಿ ಮಲಗಿತು, ಕೆಂಪು ಮಾತ್ರ ಮೇಲೇ, ಗೆದ್ದೆ ಅನ್ನೋ ಮಾತು ಗಂಟಲಿಗೆ ಬಂತು, ಅದರ ಜೊತೆಗೆ ಬೆಳಗಿನ ಕಾಫಿಯೂ ಬಂತು, ಚೀಲ ಎಲ್ಲಿ, ಚೀಲ, ಹಿಂದಿನಿಂದ ಒಂದು ಕೈ ಚೀಲ ಹಿಡಿದುಕೊಂಡು ಬಂತು, ಇನ್ನೊಂದು ಬೆನ್ನು ನೀವಿತು, ನಿಧಾನ ಕಣಮ್ಮ, ಮುಖ ಒರೆಸಿಕೊಂಡು ತಿರುಗುವಷ್ಟರಲ್ಲಿ ಮಾವ ಪರದೆ ನೋಡಿಯಾಗಿತ್ತು, ಕೆಮ್ಮಲಿಲ್ಲ, ಇನ್ನೂ ಸ್ವಲ್ಪ ಮೇಲೆ ಹೋಗೋಣ್ವಾ ಅಂದರು, ಹೋದದ್ದಾಯಿತು, ಕೆಂಪು ಹಾಗೇ, ಏನಾದರೂ ಅನ್ನಬೇಕು, ಆ ಕಾಲಕ್ಕೆ ನೀವು ಮಾಡಿದ್ದೇ ದೊಡ್ಡದು ಅನ್ನಲೇ, ಛೆ, ಅದು ಬೀಳ್ಕೊಡುಗೆ ಸಮಾರಂಭದ ಮಾತು, ಕೆಳಗಿನ ಅಳತೆಯೆಲ್ಲ ಸರಿಯಾಗೇ ಇದೆ ಮಾವ ಅನ್ನಲೇ, ಅದು ನಿಜವೂ ಹೌದು, ಬಾಯಿ ತೆರೆದಳು, ಅಷ್ಟರಲ್ಲಿ ಅವರು ಬೆಲ್ಟ್ ಬಿಚ್ಚಿ ತಮ್ಮ ಡಬ್ಬಿಯ ಪಕ್ಕ ಮೊಣಕಾಲೂರಿದ್ದರು, ಕೈಗವಸು ತೆಗೆದು ಕೊಳವೆಯ ಮೇಲೆ ಅಂಗೈ ಇಟ್ಟರು, ಮಗುವಿಗೆ ಜ್ವರ ನೋಡುವ ಹಾಗೆ, ಬೆಚ್ಚಗಿದೆ ಕಣಮ್ಮ, ಇಷ್ಟು ವರ್ಷ ನಾನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ, ಅವಳು ಏನೋ ಅನ್ನಬೇಕೆಂದಿದ್ದು — ಆ ಅಂಗೈ — ಮನೆಗೆ ಹೋಗಿ ಅತ್ತೆಗೆ ಏನಂತ — ಆ ಅಂಗೈ, ತೆಗೆಯಲೇ ಇಲ್ಲ ಅವರು, ಕೊಳವೆಯ ಮೇಲೆ, ಆ ಅಂಗೈ