ಕೈವಾರ ಮೇಷ್ಟ್ರ ನಾಟಕದ ಪಾಠ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಹಾಗೆ, ಸಾಹಿತ್ಯದ ಟೀಚರಮ್ಮ ಹೆರಿಗೆ ರಜೆಯ ಮೇಲೆ ಹೋದದ್ದೇ ತಡ, ಅವರ ಪಾಠಗಳೆಲ್ಲ ಗಣಿತದ ಮೇಷ್ಟ್ರ ತಲೆಗೆ ಬಂದವು. ಈ ಮೇಷ್ಟ್ರಿಗೆ ಶಾಲೆಯಲ್ಲಿ ‘ಕೈವಾರ’ ಎಂದು ಹೆಸರು. ಉದ್ದ ಕಾಲು, ಸಣ್ಣ ತಲೆ. ಕಪ್ಪು ಹಲಗೆಯಿಂದ ಮಕ್ಕಳ ಕಡೆಗೆ ಹೊರಳುವಾಗ ಒಂದು ಕಾಲನ್ನು ಊರಿ ಇನ್ನೊಂದನ್ನು ಸುತ್ತ ತಿರುಗಿಸುವುದು ಅವರ ಅಭ್ಯಾಸ. ಐವತ್ತನಾಲ್ಕು ವರ್ಷದ ಬದುಕಿನಲ್ಲಿ ಒಂದು ಕಥೆಪುಸ್ತಕವನ್ನು ಕೊನೆಯವರೆಗೆ ಓದಿದ್ದು ಅವರಿಗೆ ನೆನಪಿರಲಿಲ್ಲ.

“ನನ್ನಿಂದ ಆಗಲ್ಲ ಮೇಡಂ,” ಎಂದು ಮುಖ್ಯೋಪಾಧ್ಯಾಯಿನಿಯ ಮುಂದೆ ನಿಂತರು. “ತ್ರಿಕೋನ ಅಂದ್ರೆ ತ್ರಿಕೋನ. ಈ ಸಾಹಿತ್ಯ ಅನ್ನೋದು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.”

“ಆರೇ ವಾರ, ಆಮೇಲೆ ಬದಲಿ ಟೀಚರ್ ಬರ್ತಾರೆ. ಹತ್ತನೇ ಕ್ಲಾಸಿಗೆ ಪ್ರಪಂಚದ ಹಳೇ ಸಾಹಿತ್ಯ, ಅದರಲ್ಲಿ ಗ್ರೀಕ್ ನಾಟಕದ ಒಂದು ಪಾಠ. ಓದಿಸಿಬಿಡಿ, ಸಾಕು,” ಎಂದರು ಆಕೆ, ತಲೆಯೆತ್ತದೆ.

ಮೊದಲ ದಿನ ಪುಸ್ತಕ ಬಿಡಿಸಿದಾಗ ಕಣ್ಣಿಗೆ ಬಿದ್ದದ್ದು ಒಂದು ಚಿತ್ರ. ಗುಡ್ಡದ ಮಗ್ಗುಲಿಗೆ ಅಂಟಿಕೊಂಡ ಕಲ್ಲಿನ ಮೆಟ್ಟಿಲುಗಳು, ಅರ್ಧಚಂದ್ರನ ಹಾಗೆ, ಕೆಳಗೆ ದುಂಡನೆಯ ಅಂಗಳ, ಅದರಾಚೆ ಸಮುದ್ರ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಯಾರೋ ಕೈವಾರ ಹಿಡಿದೇ ಮಾಡಿದ ಕೆಲಸ! ಪಾಠ ಓದಿಸುವುದನ್ನು ಬಿಟ್ಟು ಎಲ್ಲರನ್ನೂ ಎಬ್ಬಿಸಿ ಶಾಲೆಯ ಹಿಂದಿನ ಇಳಿಜಾರಿಗೆ ಕರೆದೊಯ್ದರು. ಗೂಟ ಹೊಡೆದು, ಹಗ್ಗ ಕಟ್ಟಿ, ಹಗ್ಗದ ತುದಿಯಲ್ಲಿ ಸುಣ್ಣದ ಪುಡಿಯ ಡಬ್ಬಿ ಹಿಡಿದು ಒಂದು ಸುತ್ತು ಬಂದರು. ಹುಲ್ಲಿನ ಮೇಲೆ ಬೆಳ್ಳನೆಯ ದೊಡ್ಡ ವೃತ್ತ ಮೂಡಿತು. ಮಕ್ಕಳು ಇಳಿಜಾರಿನಲ್ಲಿ ಸಾಲುಸಾಲಾಗಿ ಕೂತರು.

“ಈಗ ಯಾರೂ ಉಸಿರೆತ್ತಬೇಡಿ,” ಎಂದು ವೃತ್ತದ ನಟ್ಟನಡುವೆ ನಿಂತು ಒಂದು ಕಾಗದವನ್ನು ಮೆಲ್ಲಗೆ ಹರಿದರು.

ಮಧ್ಯಾಹ್ನದ ಗಾಳಿ ನಿಂತುಹೋಗಿತ್ತು. ಕಾಗದದ ಸದ್ದು ಇಳಿಜಾರನ್ನು ಹತ್ತಿಕೊಂಡು ಮೇಲಿನ ಸಾಲಿನವರೆಗೂ ಹೋಯಿತು.

“ಕೇಳ್ತು ಸರ್! ಯಾಕೆ ಕೇಳ್ತು?” ಎಂದು ಅಲ್ಲಿಂದ ಒಬ್ಬ ಹುಡುಗಿ ಕೂಗಿದಳು. ಹಿಂದಿನ ಬೆಂಚಿನವಳು. ಏನು ಹೇಳಿದರೂ ‘ಯಾಕೆ’ ಎನ್ನುವ ಚಟಕ್ಕೆ ತರಗತಿಯವರು ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟಿದ್ದರು.

ಅಂದಿನಿಂದ ಪಾಠವೆಲ್ಲ ಅಲ್ಲೇ. ಮಕ್ಕಳು ರಟ್ಟಿನಲ್ಲಿ ಮುಖವಾಡ ಮಾಡಿಕೊಂಡರು. ಹನ್ನೆರಡು ಜನ ಮೇಳವಾದರು. ನಾಟಕದಲ್ಲಿ ಬರುವ ಬಂದರಿನ ಮುದುಕಿಯರ ಮೇಳ. ವೃತ್ತದ ಗೆರೆಯ ಮೇಲೆ ನಿಧಾನವಾಗಿ ಸುತ್ತುತ್ತಾ ಹನ್ನೆರಡು ಬಾಯಿಂದ ಒಂದೇ ಮಾತು ಆಡುತ್ತಿದ್ದರು. ಮುಖವಾಡ ಹಾಕಿಕೊಂಡ ಕೂಡಲೇ ಆ ಮಕ್ಕಳು ತಾನು ಕಂಡ ಮಕ್ಕಳೇ ಅಲ್ಲವೆಂದು ಮೇಷ್ಟ್ರಿಗೆ ಅನ್ನಿಸುತ್ತಿತ್ತು. ಅರೆಗಣ್ಣು ಮುಚ್ಚಿ ಕೇಳುತ್ತಿದ್ದರೆ ಕಾಂಪೌಂಡಿನಾಚೆಯ ರಸ್ತೆಯ ಮೊರೆತ ಕಡಲಿನದಾಗುತ್ತಿತ್ತು. ಗಂಟೆ ಹೊಡೆದಾಗ ಯಾರೋ ಬಹಳ ದೂರದ ಊರಿನಿಂದ ತನ್ನನ್ನು ವಾಪಸು ಕರೆತಂದು ಬಿಟ್ಟಂತಾಗುತ್ತಿತ್ತು.

ನಾಟಕದ ಕಥೆ ಇಷ್ಟೇ. ಒಂದು ದ್ವೀಪ. ಕಡಲಾಚೆಯ ಊರುಗಳಲ್ಲಿ ಸಾಂಕ್ರಾಮಿಕ ರೋಗ. ಆ ಕಡೆಯ ಯಾವ ದೋಣಿಯೂ ದಡ ಮುಟ್ಟಕೂಡದೆಂದು ಊರಿನ ಕಟ್ಟಳೆ. ಬಂದರಿನ ಬಾಯಿಗೆ ಅಡ್ಡಲಾಗಿ ಒಂದು ಸರಪಳಿ, ಅದಕ್ಕೊಬ್ಬ ಕಾವಲುಗಾರ. ಒಂದು ಮುಂಜಾನೆ ಮಂಜಿನೊಳಗಿಂದ ದೋಣಿಯೊಂದು ಬರುತ್ತದೆ. ‘ಅಣ್ಣಾ, ಸರಪಳಿ ಇಳಿಸು’ ಎಂದು ಕೂಗುವವನು ಅವನ ಒಡಹುಟ್ಟಿದ ತಮ್ಮ. ಕಾವಲುಗಾರ ಇಳಿಸುವುದಿಲ್ಲ. ದೋಣಿ ಮಂಜಿನೊಳಕ್ಕೇ ತಿರುಗಿಹೋಗುತ್ತದೆ. ಇದ್ಯಾವುದೂ ರಂಗದ ಮೇಲೆ ಕಾಣುವುದಿಲ್ಲ. ಕಾವಲುಗಾರ ಕಳಿಸಿದ ಒಬ್ಬ ದೂತ ಓಡಿ ಬಂದು ಅವರಿಬ್ಬರ ತಾಯಿಗೆ ಹೇಳುತ್ತಾನೆ, ಅಷ್ಟೆ. ತಾಯಿ ಬಾಗಿಲಿಗೆ ಬಂದು ನಿಲ್ಲುವಲ್ಲಿಗೆ ಪಾಠ ನಿಲ್ಲುತ್ತದೆ. ಮುಂದಿನದು ಪಠ್ಯದಲ್ಲಿರಲಿಲ್ಲ.

ನಾಲ್ಕನೇ ವಾರ ಇಳಿಜಾರಿನಲ್ಲಿ ಜಗಳವೇ ಹತ್ತಿಕೊಂಡಿತು.

“ಕಟ್ಟಳೆ ಅಂದ್ರೆ ಕಟ್ಟಳೆ. ಒಬ್ಬನ್ನ ಬಿಟ್ರೆ ಇಡೀ ಊರು ಸಾಯುತ್ತೆ!”

“ಸ್ವಂತ ತಮ್ಮ ಕಣೋ! ನಿನ್ನ ತಮ್ಮ ಆಗಿದ್ರೆ?”

“ನನ್ನ ತಮ್ಮ ಆಗಿದ್ರೆ ಸರಪಳಿ ಜೊತೆ ಬೀಗಾನೂ ಹಾಕ್ತಿದ್ದೆ ಬಿಡು.”

ಎಲ್ಲರೂ ಹೋ ಎಂದು ನಕ್ಕರು. ನಗು ಇಳಿದ ಮೇಲೆ ಯಾರೋ, “ಸರ್, ನೀವೇ ಹೇಳಿ. ಕಾವಲುಗಾರ ಮಾಡಿದ್ದು ಸರೀನಾ, ತಪ್ಪಾ?” ಎಂದರು.

ಕಡ್ಡಿ ಮುರಿದಂತೆ ಉತ್ತರ ಹೇಳುವುದಕ್ಕೆ ಹೆಸರಾದ ಮೇಷ್ಟ್ರು ಸ್ವಲ್ಪ ತಡೆದು, “ಸರಿ,” ಎಂದರು.

“ಸರಿ ಅಂತ್ಲೇ ಇಟ್ಕೊಳ್ಳೋಣ,” ಎಂದು ಯಾಕಮ್ಮ ಮೇಲಿನ ಸಾಲಿನಿಂದ ಎದ್ದು ನಿಂತಳು. “ಆದ್ರೆ ಅಮ್ಮನಿಗೆ ಅವನೇ ಹೋಗಿ ಯಾಕೆ ಹೇಳ್ಲಿಲ್ಲ? ಮನೆ ಕೂಗಳತೆ ದೂರ ಅಂತ ಪುಸ್ತಕದಲ್ಲೇ ಇದೆ. ಬೇರೆಯವನ್ನ ಯಾಕೆ ಕಳಿಸ್ದ?”

“ಅದು ಆಗಿನ ನಾಟಕದ ಪದ್ಧತಿ.”

“ಪದ್ಧತಿ ನಾಟಕ ಬರೆದೋರಿಗೆ ಸರ್. ಕಾವಲುಗಾರನಿಗೇನು?”

ಮೇಷ್ಟ್ರು ಪುಸ್ತಕದ ಪುಟವನ್ನು ಹಿಂದಕ್ಕೆ ಮುಂದಕ್ಕೆ ತಿರುವಿದರು. ಪುಣ್ಯಕ್ಕೆ ಗಂಟೆ ಹೊಡೆಯಿತು.

ಅವರಿಗೊಬ್ಬಳು ಅಕ್ಕ ಇದ್ದಳು. ತಾಯಿಯಿಲ್ಲದ ಅವರನ್ನು ಎತ್ತಿ ಆಡಿಸಿ ಬೆಳೆಸಿದವಳು. ಹತ್ತೊಂಬತ್ತು ವರ್ಷಗಳ ಹಿಂದೆ, ದೊಡ್ಡ ಪರೀಕ್ಷೆಯ ದಿನ, ಕೊಠಡಿ ಕಾಯುತ್ತಿದ್ದ ಮೇಷ್ಟ್ರ ಕೈಗೆ ಚೀಟಿ ಸಮೇತ ಸಿಕ್ಕಿಬಿದ್ದವನು ಆ ಅಕ್ಕನ ಒಬ್ಬನೇ ಮಗ. ಮೇಷ್ಟ್ರು ಹಿಂದುಮುಂದು ನೋಡದೆ ರಿಪೋರ್ಟ್ ಬರೆದರು. ಹುಡುಗ ಎರಡು ವರ್ಷ ಪರೀಕ್ಷೆಗೆ ಕೂರದ ಹಾಗಾಯಿತು. ಅಕ್ಕನ ಮನೆ ಆಗ ಮೂರು ಬೀದಿಯಾಚೆ. ಮೇಷ್ಟ್ರು ಜವಾನನ ಕೈಲಿ ನಾಲ್ಕು ಸಾಲಿನ ಕಾಗದ ಕಳಿಸಿ, ತಮ್ಮ ಮನೆಯ ಬಾಗಿಲು ಹಾಕಿಕೊಂಡು ಕೂತರು. ಆಮೇಲೆ ಅಕ್ಕ ಊರಿನ ಇನ್ನೊಂದು ತುದಿಗೆ ಮನೆ ಬದಲಾಯಿಸಿದಳು. ಅಲ್ಲಿಂದ ಈಚೆಗೆ ಹೋಗಿಲ್ಲ, ಬಂದಿಲ್ಲ. ತಾನು ಸರಿಯಾದದ್ದನ್ನೇ ಮಾಡಿದ್ದಕ್ಕೆ ಅವಳು ಮುನಿದಿದ್ದಾಳೆ, ಅದು ಅವಳ ತಪ್ಪು ಎಂದು ಮೇಷ್ಟ್ರು ಲೆಕ್ಕ ಬಿಡಿಸಿ, ಕೆಳಗೆ ಗೆರೆ ಎಳೆದು ಮುಗಿಸಿದ್ದರು.

ಮರುದಿನ ಶಿಕ್ಷಕರ ಕೊಠಡಿಯಲ್ಲಿ, ಊಟದ ಹೊತ್ತಿನ ಮಂಪರಿನಲ್ಲಿ, ಅವರಿಗೊಂದು ಕನಸು ಬಿತ್ತು. ಸುಣ್ಣದ ವೃತ್ತದ ನಡುವೆ ತಾವು ನಿಂತಿದ್ದಾರೆ. ಸುತ್ತ ಹನ್ನೆರಡು ಮುಖವಾಡ, ಎಲ್ಲವೂ ನಿಧಾನವಾಗಿ ತಿರುಗುತ್ತಿವೆ. ಮೆಟ್ಟಿಲುಗಳು ಮಂಜಿನೊಳಕ್ಕೆ ಏರಿ ಕಾಣೆಯಾಗಿವೆ. ಒಂದೊಂದು ಮುಖವಾಡವೂ ಅಕ್ಕನ ದನಿಯಲ್ಲೇ, ಬೈಯದೆ, ಚಿಕ್ಕಂದಿನಲ್ಲಿ ಊಟಕ್ಕೆ ಕರೆಯುತ್ತಿದ್ದ ರಾಗದಲ್ಲೇ ಕೇಳುತ್ತಿತ್ತು: “ಹೇಳು ಪುಟ್ಟೂ, ಹೇಳು.” ಅವರು ಬಾಯಿ ತೆರೆದರೆ ಹರಿದ ಕಾಗದದ ಸದ್ದು ಮಾತ್ರ ಬಂತು. ಎಚ್ಚರಾದಾಗ ಕೆನ್ನೆಯ ಮೇಲೆ ತಿದ್ದದ ಉತ್ತರಪತ್ರಿಕೆಯ ಶಾಯಿ ಹತ್ತಿತ್ತು.

ಶನಿವಾರ ಅರ್ಧ ದಿನ. ಮೇಷ್ಟ್ರು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು: ಕ್ಷಮೆಯ ಮಾತು, ಸಮಜಾಯಿಷಿಯ ಮಾತು. ಇಳಿದು ನಾಲ್ಕು ಜನರನ್ನು ಕೇಳಿ ಮನೆ ಹುಡುಕಿದರು. ಬೀದಿಗೆ ತೆರೆದ ಒಂದು ಕೋಣೆ. ಬಾಗಿಲಲ್ಲಿ ಹೊಲಿಗೆ ಮೆಷಿನ್ನು. ಗೋಡೆಯ ಪಕ್ಕ ಎದೆಯೆತ್ತರ ಪೇರಿಸಿದ ಬಿಳಿ ಅಂಗಿಗಳು, ಕಾಜ-ಗುಂಡಿಗಾಗಿ ಕಾದಿದ್ದವು. ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು.

“ಅಕ್ಕಾ.”

ಮೆಷಿನ್ನಿನ ಚಕ್ರ ನಿಂತಿತು. ಅವಳು ಕನ್ನಡಕದ ಮೇಲಿನಿಂದ ನೋಡಿದಳು. ಆಶ್ಚರ್ಯವಾಗಲಿ ಕೋಪವಾಗಲಿ ಮುಖದಲ್ಲಿ ಕಾಣಲಿಲ್ಲ. “ಬಾಗಿಲಲ್ಲಿ ನಿಲ್ಬೇಡ, ಬೆಳಕಿಗೆ ಅಡ್ಡ ಆಗುತ್ತೆ,” ಎಂದಳು.

ಮೇಷ್ಟ್ರು ಒಳಗೆ ಬಂದರು. ಕೂರಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬಾಯಿಂದ ಹೊರಟದ್ದೇ ಬೇರೆ.

“ಅಕ್ಕಾ, ನಿಂಗೊಂದು ವಿಷಯ ಹೇಳ್ಬೇಕು. ನಿನ್ನ ಮಗ ಇವತ್ತು ಪರೀಕ್ಷೇಲಿ ಕಾಪಿ ಹೊಡೀತಿದ್ದ. ನಾನೇ ಹಿಡ್ದೆ. ನಾನೇ ರಿಪೋರ್ಟ್ ಬರ್ದೆ. ಎರಡು ವರ್ಷ ಅವನು ಪರೀಕ್ಷೆ ಬರೆಯೋ ಹಾಗಿಲ್ಲ.”

ಬೀದಿಯಲ್ಲಿ ಸೈಕಲ್ಲೊಂದು ಹಾದುಹೋಯಿತು. ಅಕ್ಕ ಅವರ ಮುಖವನ್ನೇ ದಿಟ್ಟಿಸಿದಳು. ಕನ್ನಡಕ ತೆಗೆದು ಅಂಗಿಯ ಮೇಲಿಟ್ಟಳು. ಬೆಳ್ಳನೆಯ ಕೂದಲು ಹಾಗೇ ಇತ್ತು. ಕಣ್ಣು ಮಾತ್ರ ಆ ದಿನದ್ದಾಯಿತು.

“ಏನಂದೆ?”

“ಜೇಬಲ್ಲಿ ಚೀಟಿ ಇತ್ತು ಅಕ್ಕಾ.”

“ಬಿಟ್ಬಿಡ್ಬಾರ್ದಾಗಿತ್ತಾ? ನೀನೊಬ್ಬ ನೋಡದೇ ಇದ್ದಿದ್ರೆ ಆಕಾಶ ಕಳಚಿ ಬೀಳ್ತಿತ್ತಾ?” ದನಿ ಏರಿತು. “ಇದೇ ಕೈಯಲ್ಲಿ ನಿನ್ನ ಎತ್ತಿ ಆಡಿಸಿದ್ನಲ್ಲೋ! ನನ್ನ ಮಗನ ಮೇಲೆ ಕೈ ಎತ್ತೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬಂತು?”

ಕೈಗೆ ಸಿಕ್ಕ ದಾರದ ಉಂಡೆಯನ್ನು ಬೀಸಿ ಎಸೆದಳು. ಅದು ಮೇಷ್ಟ್ರ ಎದೆಗೆ ತಾಗಿ, ಕೆಳಗೆ ಬಿದ್ದು, ಬಿಚ್ಚಿಕೊಳ್ಳುತ್ತಾ ಮಂಚದ ಅಡಿಗೆ ಉರುಳಿತು. ಮೇಷ್ಟ್ರು ಅಲ್ಲಾಡಲಿಲ್ಲ.

“ಪಕ್ಕದಲ್ಲಿ ಕೂತಿದ್ದವನೂ ಕಾಪಿ ಹೊಡೀತಿದ್ನಾ?”

“ಅವನ್ನೂ ಹಿಡ್ದೆ.”

“ಹಿಡೀತೀಯ, ಹಿಡೀದೇ ಬಿಡ್ತೀಯಾ ನೀನು!” ಎಂದವಳು ಬಿಳಿ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಬಹಳ ಹೊತ್ತು. ಮೇಷ್ಟ್ರು ನೆಲದ ಮೇಲೆ ಕೂತು ದಾರವನ್ನು ಎಳೆದೆಳೆದು ಉಂಡೆ ಸುತ್ತಿದರು.

ಕೊನೆಗೆ ಅವಳು ಮೂಗೊರೆಸಿಕೊಂಡು, “ಯಾವ ಪ್ರಶ್ನೆ?” ಎಂದಳು.

“ವೃತ್ತದ ಪ್ರಮೇಯ.”

“ನೀನೇ ಹೇಳ್ಕೊಟ್ಟಿದ್ದೆಯಲ್ಲೋ, ಹಳೇ ಮನೆ ಜಗಲೀಲಿ?”

“ಹೌದು. ಮೂರು ಸಲ.”

“ಹಾಗಾದ್ರೆ ಮೇಷ್ಟ್ರೂ ಫೇಲು,” ಎಂದಳು. ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಮೇಷ್ಟ್ರೂ ನಕ್ಕರು, ನಗುತ್ತಲೇ ಕಣ್ಣು ಒದ್ದೆಯಾಯಿತು.

“ಅವತ್ತು ನಿಂಗೋಸ್ಕರ ಕಾಯ್ತಾ ಕೂತಿದ್ದೆ ಕಣೋ,” ಎಂದಳು ಅಕ್ಕ, ಈಗ ಮೆಲ್ಲಗೆ. “ಬಂದೇ ಬರ್ತೀಯ, ಚೆನ್ನಾಗಿ ಬೈದು ಊಟಕ್ಕೆ ಹಾಕೋಣ ಅಂತ. ನೀನು ಬರ್ಲೇ ಇಲ್ಲ.”

ಮಗ ಬಂದದ್ದು ಆಗಲೇ. ಮೂವತ್ತೈದರ ಗಂಡಸು, ಗಾಜಿನ ಅಂಗಡಿ ಇಟ್ಟಿದ್ದ. ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು. ಹೊಸಿಲಲ್ಲೇ ನಿಂತ.

“ಮಾವ?”

ಮೇಷ್ಟ್ರು ದಾರದ ಉಂಡೆಯನ್ನು ಕೆಳಗಿಟ್ಟರು.

“ಒಂದು ವರ್ಷ ನಾನು ಮನೆಯಿಂದ ಆಚೆ ಕಾಲಿಡ್ಲಿಲ್ಲ. ನಿಮಗೆ ಗೊತ್ತಾ ಅದು?”

“ಇಲ್ಲಪ್ಪ. ಇವತ್ತು ಗೊತ್ತಾಯ್ತು.”

ಅವನು ಒಳಗೆ ಹೋದ. ಪಾತ್ರೆ ಸದ್ದಾಯಿತು. ಮೂರು ಲೋಟ ಟೀ ತಂದು, ಒಂದನ್ನು ಮಾವನ ಮುಂದೆ ತುಸು ಜೋರಾಗಿಯೇ ಇಟ್ಟು, ಎದುರಿಗೆ ಕೂತ. ಅರ್ಧ ಲೋಟ ಕುಡಿದ ಮೇಲೆ ಹೇಳಿದ: “ಆ ಚೀಟೀಲಿದ್ದ ಉತ್ತರಾನೂ ತಪ್ಪಿತ್ತಂತೆ. ಆಮೇಲೆ ಗೊತ್ತಾಯ್ತು.”

“ಗೊತ್ತು. ನಾನೇ ಓದಿದ್ನಲ್ಲ.”

ಅವನ ತುಟಿ ಒಂದಿಷ್ಟು ಸಡಿಲವಾಯಿತು. “ಈಗ ದುಂಡು ಗಾಜನ್ನ ಕಣ್ಣಳತೇಲೇ ಕತ್ತರಿಸ್ತೀನಿ,” ಎಂದ.

ಮೇಷ್ಟ್ರು ಅವರಿಬ್ಬರಿಗೂ ಇಳಿಜಾರಿನ ಪಾಠದ ಬಗ್ಗೆ, ಮಂಜಿನಲ್ಲಿ ಬಂದ ದೋಣಿಯ ಬಗ್ಗೆ ಹೇಳಿದರು. “ಬಾಗಿಲಿಗೆ ಬಂದು ಆ ತಾಯಿ ಏನಂದ್ಲು?” ಎಂದು ಅಕ್ಕ ಕೇಳಿದಳು. “ಗೊತ್ತಿಲ್ಲ ಅಕ್ಕಾ. ಸೋಮವಾರ ಮಕ್ಕಳಿಗೇ ಬರೀರಿ ಅಂತೀನಿ,” ಎಂದರು. ಮಗ ಅಂಗಡಿಗೆ ಹಿಂತಿರುಗಿದ. ಹೋಗುವಾಗ “ಬರ್ತೀನಿ ಮಾವ” ಎಂದನೇ ಹೊರತು ಇನ್ನೇನೂ ಹೇಳಲಿಲ್ಲ. ಅಕ್ಕ ಮೆಷಿನ್ನು ತುಳಿಯತೊಡಗಿದಳು. ಆ ಸದ್ದು ಎಲ್ಲೋ ದೂರದಿಂದ, ನೀರಿನ ಮೇಲಿನಿಂದ ಬಂದ ಹಾಗೆ ಕೇಳಿತು. ಮೇಷ್ಟ್ರು ಮಂಚಕ್ಕೆ ಒರಗಿದರು. ಯಾವಾಗ ಕಣ್ಣು ಹತ್ತಿತೋ ತಿಳಿಯಲಿಲ್ಲ. ಈ ಸಲ ಕನಸೇನೂ ಬೀಳಲಿಲ್ಲ.

ಎಚ್ಚರವಾದಾಗ ಮೈಮೇಲೆ ಹೊದಿಕೆಯಿತ್ತು. ಕೋಣೆ ನಿಶ್ಶಬ್ದ. ಸಂಜೆಯ ಬಿಸಿಲು ಅಂಗಿಗಳ ರಾಶಿಯ ಮೇಲೆ ಹಳದಿಯಾಗಿ ಬಿದ್ದಿತ್ತು. ಅಕ್ಕ ಕಿಟಕಿಯ ಹತ್ತಿರ ಕೂತು, ಸೂಜಿ ಹಿಡಿದು ಕೈಯಲ್ಲೇ ಹೊಲಿಯುತ್ತಿದ್ದಳು.

“ಮೆಷಿನ್ನು ಯಾಕೆ ನಿಲ್ಸಿದೆ?”

“ನೀನು ಮಲಗಿದ್ಯಲ್ಲ,” ಎಂದಳು ಅವಳು, ದಾರವನ್ನು ಹಲ್ಲಿನಿಂದ ಕಡಿಯುತ್ತಾ. “ಕೊನೇ ಬಸ್ಸಿಗೆ ಇನ್ನೂ ಹೊತ್ತಿದೆ. ಮಲಕ್ಕೋ.”